ಗಿಯರ್ ಚಕ್ರಗಳನ್ನು ಎಣಿಸದೆ ಬರೆದ ವರದಿ

ಹಳೆಯ ಕ್ಯಾಮೆರಾಗಳನ್ನು ದುರಸ್ತಿ ಮಾಡುವುದು ಮತ್ತು ಕೊಳ್ಳಲು ಬಯಸುವ ಸಂಗ್ರಾಹಕರಿಗೆ ಅವುಗಳ ಸ್ಥಿತಿಯ ಬಗ್ಗೆ ವರದಿ ಬರೆದುಕೊಡುವುದು ನನ್ನ ಕೆಲಸ. ಅಗಲವಾದ ನೋಟವನ್ನು ಒಂದೇ ಉದ್ದನೆಯ ಚಿತ್ರದಲ್ಲಿ ಹಿಡಿಯುವ ಪನೋರಮಾ ಕ್ಯಾಮೆರಾಗಳ ಪೈಕಿ ನನ್ನ ಕೈ ಪಳಗಿದ್ದು ಕೊಡಕ್ ಪನೋರಮ್‌ಗಳಲ್ಲಿ. 1899ರಲ್ಲಿ ಬಂದ ಅದರ ನಂಬರ್ 4 ಮಾದರಿಯಲ್ಲಿ ಫೋಕಸ್ ಹೊಂದಿಸುವ ಗೋಜೇ ಇಲ್ಲ. ಸ್ಪ್ರಿಂಗ್ ಬಿಗಿದು ಬಿಟ್ಟರೆ ಲೆನ್ಸ್ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳುತ್ತದೆ ಮತ್ತು ಬಿಲ್ಲಿನಂತೆ ಬಾಗಿ ಕುಳಿತ ಫಿಲ್ಮಿನ ಮೇಲೆ ಸುಮಾರು 142 ಡಿಗ್ರಿಯ ನೋಟ 12 ಇಂಚು ಉದ್ದಕ್ಕೆ ಮೂಡುತ್ತದೆ. ಇಂಥ ಪೆಟ್ಟಿಗೆಯ ಚರ್ಮ, ಲೆನ್ಸ್ ಮತ್ತು ಸ್ಪ್ರಿಂಗ್ ಚೆನ್ನಾಗಿದ್ದರೆ ಪರಿಶೀಲನೆ ಬಹುಪಾಲು ಮುಗಿದಂತೆಯೇ.

ಅದೇ ಅಭ್ಯಾಸದಲ್ಲಿ ನಾನೊಮ್ಮೆ ನಂಬರ್ 10 ಸರ್ಕಟ್ ಎಂಬ ಇನ್ನೊಂದು ಬಗೆಯ ಪನೋರಮಾ ಕ್ಯಾಮೆರಾ ಒಂದಕ್ಕೆ 'ಸಂಪೂರ್ಣವಾಗಿದೆ' ಎಂದು ಬರೆದುಕೊಟ್ಟೆ. ಮರ ಹೊಳೆಯುತ್ತಿತ್ತು, ಲೆನ್ಸಿನ ಹಿಂದಿನ ಮಡಿಕೆಯ ಚೀಲದಲ್ಲಿ, ಅಂದರೆ ಬೆಲೋಸಿನಲ್ಲಿ, ಒಂದು ತೂತೂ ಇರಲಿಲ್ಲ, ಮೋಟರು ಸದ್ದಿಲ್ಲದೆ ಸುತ್ತುತ್ತಿತ್ತು. ಕೊಂಡವರು ಮೊದಲ ಫಿಲ್ಮ್ ತೊಳೆದು ನೋಡಿದಾಗ ಚಿತ್ರವಿಡೀ ಅಡ್ಡಡ್ಡಲಾಗಿ ಕಲಸಿಹೋಗಿತ್ತು.

ವಿಲಿಯಂ ಜೆ. ಜಾನ್ಸ್ಟನ್ 1904ರಲ್ಲಿ ಪೇಟೆಂಟ್ ಪಡೆದ ಈ ಯಂತ್ರದ ಬಗೆಯೇ ಬೇರೆ. ಇಲ್ಲಿ ಲೆನ್ಸ್ ಮಾತ್ರವಲ್ಲ, ಕ್ಯಾಮೆರಾ ಇಡಿಯಾಗಿ ಮುಕ್ಕಾಲಿಯ ಮೇಲೆ ತಿರುಗುತ್ತದೆ. ಒಳಗೆ ಫಿಲ್ಮ್ ಒಂದು ಸಣ್ಣ ಸೀಳಿನ ಹಿಂದೆ ಚಲಿಸುತ್ತದೆ. ಸೀಳಿನ ಮೇಲೆ ಬಿಂಬ ಜಾರುವ ವೇಗವೂ ಫಿಲ್ಮಿನ ವೇಗವೂ ಒಂದೇ ಆಗಿದ್ದರೆ ಮಾತ್ರ ಚಿತ್ರ ಸ್ಪಷ್ಟವಾಗಿರುತ್ತದೆ. ಲೆನ್ಸಿನ ನಾಭಿದೂರ (ದೂರದ ವಸ್ತುವಿನ ಸ್ಪಷ್ಟ ಬಿಂಬ ಲೆನ್ಸಿನಿಂದ ಎಷ್ಟು ದೂರದಲ್ಲಿ ಮೂಡುತ್ತದೆ ಎಂಬುದು) ಹೆಚ್ಚಿದಷ್ಟೂ ಬಿಂಬ ಬೇಗ ಜಾರುವುದರಿಂದ, ಲೆನ್ಸ್ ಬದಲಾದಾಗಲೆಲ್ಲ ಈ ಎರಡು ವೇಗಗಳನ್ನು ಹೊಂದಿಸುವ ಗಿಯರ್ ಚಕ್ರವನ್ನೂ ಬದಲಿಸಬೇಕು. ನಂಬರ್ 10ರ ಜೊತೆ ಸಾಮಾನ್ಯವಾಗಿ ಬರುತ್ತಿದ್ದ ಟರ್ನರ್-ರೀಚ್ ಲೆನ್ಸನ್ನು ಬಿಡಿಸಿ ಜೋಡಿಸಿ ಮೂರು ನಾಭಿದೂರಗಳಲ್ಲಿ ಬಳಸಬಹುದಾದ್ದರಿಂದ ಅದಕ್ಕೆ ಚಕ್ರಗಳ ಒಂದು ಗುಂಪೇ ಬೇಕು. ನಾನು ನೋಡಿದ ಕ್ಯಾಮೆರಾದಲ್ಲಿ ಉಳಿದಿದ್ದುದು ಒಂದೇ ಚಕ್ರ, ಅದೂ ಆ ಲೆನ್ಸಿಗೆ ಹೊಂದದ್ದು. ತಿರುಗುತ್ತಿದೆ ಎಂಬುದನ್ನಷ್ಟೇ ನೋಡಿದ ನಾನು ಎಷ್ಟು ವೇಗದಲ್ಲಿ ಎಂದು ನೋಡಿರಲಿಲ್ಲ. ಪರಿಶೀಲನೆಯ ಶುಲ್ಕವನ್ನು ಹಿಂದಿರುಗಿಸಿದೆ. ಹಣಕ್ಕಿಂತ ಮುಜುಗರವೇ ಹೆಚ್ಚಾಗಿತ್ತು.

ಸಂಗ್ರಾಹಕರ ಮನಸ್ಸನ್ನೂ ನಾನು ಅಳೆದದ್ದು ಆಗಲೇ. ಸರ್ಕಟ್ ಕೊಳ್ಳುವವರಲ್ಲಿ ಅನೇಕರಿಗೆ ಅದು ಕಪಾಟಿನ ಅಲಂಕಾರವಲ್ಲ. ಜನರನ್ನು ಕಮಾನಿನಂತೆ ನಿಲ್ಲಿಸಿ ಚಿತ್ರದಲ್ಲಿ ನೇರ ಸಾಲಾಗಿ ಕಾಣಿಸುವ, ಒಂದು ತುದಿಯಲ್ಲಿ ನಿಂತ ಹುಡುಗ ತಿರುಗುವ ಕ್ಯಾಮೆರಾಕ್ಕಿಂತ ಮೊದಲು ಗುಂಪಿನ ಹಿಂದಿನಿಂದ ಓಡಿ ಇನ್ನೊಂದು ತುದಿಯಲ್ಲೂ ಕಾಣಿಸಿಕೊಳ್ಳುವ ಆ ಹಳೆಯ ಚಮತ್ಕಾರಗಳನ್ನು ತಮ್ಮ ಕೈಯಿಂದಲೇ ಮಾಡಿನೋಡುವ ಆಸೆ ಅವರದು. ಪನೋರಮ್ ನಂಬರ್ 1 ಇಷ್ಟಪಡುವವರೂ ಅದರ 2¼ ಇಂಚು ಅಗಲಕ್ಕೆ ಇಂದಿನ 120 ಫಿಲ್ಮ್ ಹೊಂದುತ್ತದೆಯೆಂದು ಸುರುಳಿಯನ್ನು ಸರಿಪಡಿಸಿಕೊಂಡು ಬಳಸುತ್ತಾರೆ.

ಈಗ ಸರ್ಕಟ್ ಬಂದರೆ ಮರವನ್ನು ಕೊನೆಗೆ ನೋಡುತ್ತೇನೆ. ಮೊದಲು ಚಕ್ರಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಒಂದೊಂದರ ಹಲ್ಲುಗಳನ್ನೂ ಎಣಿಸಿ, ಯಾವ ನಾಭಿದೂರಕ್ಕೆ ಯಾವುದು ಇದೆ, ಯಾವುದು ಇಲ್ಲ ಎಂದು ವರದಿಯ ಮೊದಲ ಸಾಲಿನಲ್ಲೇ ಬರೆಯುತ್ತೇನೆ.