ತೊಣ್ಣೂರು ಕೆರೆಯ ಪಕ್ಕದಲ್ಲಿ ಹನ್ನೆರಡು ದಿನ

"ಕೆರೆ ನೋಡಕ್ ಬಂದ್ರಾ, ಇರಕ್ ಬಂದ್ರಾ?"

ಆಟೋದಿಂದ ಸಾಮಾನು ಇಳಿಸುವ ಮುಂಚೆಯೇ ಅಜ್ಜಿ ಕೇಳಿದ್ದು ಇದನ್ನು. "ಹನ್ನೆರಡು ದಿನ ಇರ್ತೀವಿ ಅಜ್ಜಿ" ಅಂದೆ. ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿಕೊಂಡು, "ಹಂಗಾರೆ ಸಂಕ್ರಾಂತಿ ಗಂಟ ಅಂತಾಯ್ತು. ಬನ್ನಿ, ಒಳಗೆ ಕುಂತ್ಕಳಿ" ಅಂದರು.

ಊರು ಕೆರೆತೊಣ್ಣೂರು. ಮಂಡ್ಯ ಜಿಲ್ಲೆ, ಪಾಂಡವಪುರ ತಾಲ್ಲೂಕು. ಬೆಂಗಳೂರಿನಿಂದ ಸುಮಾರು 130 ಕಿಲೋಮೀಟರ್, ಮೈಸೂರಿನಿಂದ ಸುಮಾರು 40. ನಮ್ಮನೆಯವರಿಗೆ ಈಗ ವಾರಕ್ಕೆ ಎರಡೇ ದಿನ ಆಫೀಸು. ಮಗಳು ಹಾಸ್ಟೆಲ್ ಸೇರಿದ್ದಾಳೆ. ನೀರಿನ ಪಕ್ಕ ಒಂದು ಹಳ್ಳಿಯಲ್ಲಿ ಇರಬೇಕು ಅಂತ ನಾವಿಬ್ಬರೂ ಹೇಳಿಕೊಳ್ಳುತ್ತಾ ಬಂದು ಹದಿನೈದು ವರ್ಷವಾಗಿತ್ತು. ಹಿಂದೆ ಒಮ್ಮೆ ಮೇಲುಕೋಟೆಯಿಂದ ವಾಪಸ್ ಬರುವಾಗ ಈ ಕೆರೆಯ ಏರಿ ಮೇಲೆ ಅರ್ಧ ಗಂಟೆ ನಿಂತಿದ್ದೆವು. ಆ ಅರ್ಧ ಗಂಟೆ ಮನಸ್ಸಿನಿಂದ ಹೋಗಿರಲಿಲ್ಲ. ಪರಿಚಯದವರ ಮೂಲಕ ಅಜ್ಜಿಯ ಮನೆಯ ಎರಡು ಕೋಣೆ ಸಿಕ್ಕಿತು. ಜನವರಿ ಮೊದಲ ವಾರ ಹೊರಟೇ ಬಿಟ್ಟೆವು.

ಮೊದಲ ಬೆಳಿಗ್ಗೆ ಆರು ಗಂಟೆಗೇ ಏರಿ ಹತ್ತಿದೆ. ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು. ಎರಡು ಕಡೆ ಬಂಡೆಗುಡ್ಡ, ನಡುವೆ ಇದ್ದ ಸಂದಿಗೆ ಅಡ್ಡಲಾಗಿ ಕಟ್ಟಿದ ಏರಿ. ಉಳಿದ ಕೆರೆಗಳಲ್ಲಿ ಏರಿ ಉದ್ದ ಇರುತ್ತದೆ, ನೀರು ಆಳ ಇರುವುದಿಲ್ಲ. ಇಲ್ಲಿ ಬೇರೆ. ಏರಿ ತುಂಡು, ಆದರೆ ಗಟ್ಟಿ. ಹಿಂದೆ ನಿಂತಿರುವ ನೀರು ಗುಡ್ಡಗಳ ಮಧ್ಯೆ ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತದೆ. ಎಲ್ಲೋ ಒಂದು ಹರಿಗೋಲು ಮಂಜಿನೊಳಗಿಂದ ಮೆಲ್ಲಗೆ ಬಂತು. ಬಲೆ ಎಳೆಯುತ್ತಿದ್ದವರ ಮಾತು ಮೊದಲು ಕೇಳಿಸಿತು, ಆಮೇಲೆ ಅವರು ಕಾಣಿಸಿದರು. ಬುಟ್ಟಿಯಲ್ಲಿ ಒಂದಿಷ್ಟು ಜಿಲೇಬಿ ಮೀನು, ಎರಡು ದೊಡ್ಡ ಕಾಟ್ಲಾ. ಸೂರ್ಯ ಗುಡ್ಡದ ಮೇಲೆ ಬಂದ ಮೇಲೆ ನೀರು ನೀಲಿಗೆ ತಿರುಗಿತು. ದಡದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತರೆ ಕಾಲಬೆರಳು ಎಣಿಸಬಹುದು, ಅಷ್ಟು ತಿಳಿ.

ಈ ತಿಳಿನೀರನ್ನು ಕಂಡೇ ಇದಕ್ಕೆ ಮೋತಿ ತಲಾಬ್ ಅನ್ನೋ ಹೆಸರು ಬಂತಂತೆ, ಅಂದರೆ ಮುತ್ತಿನ ಕೆರೆ. 1746ರಲ್ಲಿ ಇಲ್ಲಿಗೆ ಬಂದ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಇಟ್ಟ ಹೆಸರು ಎಂದು ಹಳೆಯ ಗೆಜೆಟಿಯರ್‌ಗಳು ಹೇಳುತ್ತವೆ. ಅದಕ್ಕೂ ಮುಂಚೆ ಇದು ತಿರುಮಲಸಾಗರ. ಆ ಹೆಸರು ರಾಮಾನುಜಾಚಾರ್ಯರು ಇಟ್ಟಿದ್ದು ಅನ್ನೋ ನಂಬಿಕೆ. ಚೋಳನಾಡು ಬಿಟ್ಟು ಬಂದ ರಾಮಾನುಜರು ಹೊಯ್ಸಳರ ವಿಷ್ಣುವರ್ಧನನನ್ನು ಕಂಡಿದ್ದು ಈ ತೊಂಡನೂರಿನಲ್ಲೇ (ತೊಣ್ಣೂರಿನ ಹಳೆಯ ಹೆಸರು) ಅಂತ ಊರಿನವರು ಹೇಳುತ್ತಾರೆ. ಹಳೇಬೀಡು ಹಾಳಾದ ಮೇಲೆ ಹೊಯ್ಸಳ ಅರಸರು ಸ್ವಲ್ಪ ಕಾಲ ಇಲ್ಲಿ ಬಂದು ನೆಲೆಸಿದ್ದರು. ಅರಸರು ಇದ್ದ ಊರು ಅಂದರೆ ಈಗ ನಂಬುವುದು ಕಷ್ಟ. ಬೀದಿಯಲ್ಲಿ ಕೋಳಿ ಕೆದಕುತ್ತಿರುತ್ತವೆ, ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಿರುತ್ತಾರೆ. ತಲೆ ಎತ್ತಿದರೆ ನಂಬಿನಾರಾಯಣ ದೇವಸ್ಥಾನದ ಕಂಬ.

ಪಂಚನಾರಾಯಣ ಕ್ಷೇತ್ರಗಳಲ್ಲಿ ಇದೂ ಒಂದು. ಬೇಲೂರು, ತಲಕಾಡು, ಮೇಲುಕೋಟೆ, ಗದಗ ಉಳಿದ ನಾಲ್ಕು. ಬೇಲೂರಿನ ಕೆತ್ತನೆ ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಇಲ್ಲಿ ಬೇಜಾರಾಗಬಹುದು. ಗೋಡೆಗಳು ಸಾದಾ. ನನಗೆ ಆ ಸಾದಾತನವೇ ಹಿಡಿಸಿತು. ಮಧ್ಯಾಹ್ನದ ಹೊತ್ತು ಒಳಗಿನ ಕಲ್ಲು ಎಷ್ಟು ತಣ್ಣಗಿರುತ್ತದೆ ಅಂದರೆ, ಬೆನ್ನು ಆನಿಸಿ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಊರಿನಲ್ಲಿ ಯೋಗನರಸಿಂಹ ಇದ್ದಾನೆ, ವೇಣುಗೋಪಾಲ ಇದ್ದಾನೆ, ಹಳೆಯ ದರ್ಗಾ ಇದೆ.

ಕೆರೆಯ ವಿಚಾರಕ್ಕೆ ಬರುತ್ತೇನೆ. ಇಂಗ್ಲಿಷರ ಜತೆ ಯುದ್ಧ ನಡೆದಾಗ ಈ ನೀರು ಶತ್ರುಗಳಿಗೆ ಸಿಗಬಾರದು ಅಂತ ಟಿಪ್ಪು ಸುಲ್ತಾನ್ ಏರಿ ಒಡೆಸಿದನಂತೆ. ಶ್ರೀರಂಗಪಟ್ಟಣ ಇಲ್ಲಿಂದ ಹತ್ತಿರ. ಸೈನ್ಯಕ್ಕೆ ನೀರು ಬೇಕೇ ಬೇಕಲ್ವಾ? ಆಮೇಲೆ ಮತ್ತೆ ಕಟ್ಟಿದರು. ಅದೇ ಏರಿ ಮೇಲೆ ನಿಂತು ಕೆಳಗೆ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ, ಕಬ್ಬು, ತೆಂಗು. ಈ ಕಡೆ ಬರೀ ನೀರು, ಆ ಕಡೆ ಬರೀ ಹಸಿರು. ಮಧ್ಯೆ ನಿಂತವರಿಗೆ ಲೆಕ್ಕ ತಾನಾಗಿಯೇ ಅರ್ಥವಾಗುತ್ತದೆ. ಮೇಲುಕೋಟೆ ಕಡೆಯ ಗುಡ್ಡಗಳ ಮೇಲೆ ಬಿದ್ದ ಮಳೆ ಯಾದವನದಿಯಾಗಿ, ಸಣ್ಣಪುಟ್ಟ ಹಳ್ಳವಾಗಿ ಇಲ್ಲಿ ಬಂದು ನಿಲ್ಲುತ್ತದೆ. ತೂಬಿನಿಂದ ಹೊರಟು ಕಾಲುವೆಗೆ ಬೀಳುತ್ತದೆ. ಬಂಡೆಯ ಸಂದಿಯಿಂದ ಧುಮುಕುವ ಜಾಗದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಾರೆ, ಮಕ್ಕಳು ತಲೆಯೊಡ್ಡಿ ನಿಲ್ಲುತ್ತವೆ. ಅದೇ ನೀರು ಅಲ್ಲಿಂದ ಗದ್ದೆಗೆ.

ಮೂರನೇ ದಿನ ಕಾಲುವೆ ಪಕ್ಕ ಹೋಗುತ್ತಿದ್ದಾಗ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡ ಒಬ್ಬರು ಸಿಕ್ಕರು. ಅವರ ಅಪ್ಪ ನೀರುಗಂಟಿಯಾಗಿದ್ದರಂತೆ, ಅಂದರೆ ಕೆರೆ ನೀರನ್ನು ಗದ್ದೆಗಳಿಗೆ ಹಂಚುವವರು. ಒಂದು ಕಡೆ ಕೂತು ನನಗೆ ತೋರಿಸಿದರು. ಎರಡು ಕಲ್ಲು, ಒಂದು ಹಿಡಿ ಹುಲ್ಲು, ನಾಲ್ಕು ಗುದ್ದಲಿ ಕೆಸರು. ಅಷ್ಟರಲ್ಲಿ ಒಂದು ಮಡೆ ಕಟ್ಟಿದರು. ನೀರು ಎಡಕ್ಕೆ ತಿರುಗಿತು. "ಇದು ಇವತ್ತು ರಾತ್ರಿ ಹತ್ತು ಗಂಟೆಗಂಟ ಅವರ್ದು. ಆಮೇಲೆ ನಮ್ದು. ಯಾರೂ ಮುಟ್ಟಂಗಿಲ್ಲ" ಅಂದರು. ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದೆ. "ಯಾರ್ ನೋಡ್ಬೇಕು? ನಾಳೆ ಅವ್ರ ಮುಖ ನಾನು ನೋಡ್ಬೇಕಲ್ಲವ್ವ" ಅಂದರು. ಆ ಮಾತು ನನ್ನ ಜತೆಯಲ್ಲೇ ಮನೆಗೆ ಬಂತು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ನೀರಿಗೆ ವಾಟ್ಸಾಪ್ ಗುಂಪಿನಲ್ಲಿ ನಡೆಯುವ ಜಗಳ ನೆನಪಾಯಿತು.

ಹಳ್ಳಿ ಅಂದರೆ ಸದ್ದೇ ಇರುವುದಿಲ್ಲ ಅಂದುಕೊಂಡು ಬರಬೇಡಿ. ಐದು ಗಂಟೆಗೆ ಕೋಳಿ, ಆಮೇಲೆ ಹಾಲಿನ ಡೇರಿಗೆ ಹೋಗುವವರ ಕ್ಯಾನ್ ಸದ್ದು, ಆಮೇಲೆ ಕಬ್ಬಿನ ಟ್ರ್ಯಾಕ್ಟರ್. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಎರಡು ಗಂಟೆಗೆ ಜನ ಟಾರ್ಚ್ ಹಿಡಿದು ಗದ್ದೆಗೆ ಹೊರಡುತ್ತಾರೆ. ಒಂದು ರಾತ್ರಿ ಕಿಟಕಿಯಿಂದ ನೋಡಿದೆ. ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಬೆಳಕು, ದೂರದಲ್ಲಿ ಒಬ್ಬರ ಕೆಮ್ಮು. ನಾವು ಹುಡುಕಿಕೊಂಡು ಬಂದ ನೆಮ್ಮದಿಯೊಳಗೆ ಇಷ್ಟು ಜನರ ನಿದ್ದೆಗೇಡು ಇದೆ ಅಂತ ಆವತ್ತು ಗೊತ್ತಾಯಿತು.

ಪಟ್ಟಣಕ್ಕೆ ಹತ್ತಿರ ಅನ್ನೋ ಮಾತನ್ನೂ ಪರೀಕ್ಷೆ ಮಾಡಿದೆವು. ಪಾಂಡವಪುರ ಸುಮಾರು ಹತ್ತು ಕಿಲೋಮೀಟರ್. ಹಿಂದೆ ಹೈದರ್, ಟಿಪ್ಪುವಿನ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಅದಕ್ಕೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರಿತ್ತು. ಬ್ಯಾಂಕು, ಆಸ್ಪತ್ರೆ, ಔಷಧಿ ಅಂಗಡಿ, ತರಕಾರಿ ಸಂತೆ ಎಲ್ಲಾ ಅಲ್ಲಿ ಸಿಗುತ್ತದೆ. ಮೈಸೂರು–ಬೆಂಗಳೂರು ಲೈನಿನ ರೈಲು ನಿಲ್ದಾಣವೂ ಇದೆ, ಆದರೆ ಪೇಟೆಯಿಂದ ಸ್ವಲ್ಪ ದೂರ. ನಮ್ಮನೆಯವರು ಎರಡು ಮಂಗಳವಾರ, ಒಂದು ಗುರುವಾರ ಬೆಂಗಳೂರಿಗೆ ಹೋಗಿ ಬಂದರು. ಬೆಳಗಿನ ಜಾವ ಅಜ್ಜಿಯ ಮೊಮ್ಮಗನ ಬೈಕು, ಆಮೇಲೆ ರೈಲು. ಹೋಗುವುದು ಸಲೀಸು. ಬರುವುದೇ ಕಷ್ಟ. ಗುರುವಾರ ರೈಲು ತಡವಾಗಿ, ಊರಿಗೆ ಬರುವ ಕೊನೇ ಬಸ್ಸು ತಪ್ಪಿಹೋಯಿತು. ಆಟೋದವರೊಬ್ಬರು ಕರೆತಂದರು. ಮನೆ ತಲುಪಿದಾಗ ಹತ್ತೂವರೆ. ಅಜ್ಜಿ ಮುದ್ದೆ ಮಾಡಿ, ಮೇಲೆ ತಟ್ಟೆ ಮುಚ್ಚಿ ಕಾಯುತ್ತಾ ಕೂತಿದ್ದರು. "ಉಪ್ಸಾರು ಬಿಸಿ ಮಾಡ್ತೀನಿ, ಕೈಕಾಲು ತೊಳ್ಕಂಡು ಬಾರಪ್ಪ" ಅಂದರು. ವಾರಕ್ಕೆ ಎರಡು ಸಲ ಇದನ್ನು ವರ್ಷವಿಡೀ ಮಾಡಬಹುದಾ ಅಂತ ಆ ರಾತ್ರಿ ನಾವಿಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಒಂದು ರಾತ್ರಿ ಬೆಂಗಳೂರಿನಲ್ಲೇ ತಂಗಿ, ಎರಡೂ ದಿನದ ಕೆಲಸ ಒಟ್ಟಿಗೆ ಮುಗಿಸಿ ಬರುವುದು ಸರಿ ಅನ್ನಿಸಿತು. ನಿಮಗೂ ಈ ಥರದ ಯೋಚನೆ ಇದ್ದರೆ ಮ್ಯಾಪಿನಲ್ಲಿ ಕಿಲೋಮೀಟರ್ ನೋಡಿ ತೀರ್ಮಾನ ಮಾಡಬೇಡಿ. ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಮೊದಲು ಕೇಳಿ.

ಕಬ್ಬಿನ ಕಾಲ. ಒಂದು ಮಧ್ಯಾಹ್ನ ಪಕ್ಕದೂರಿನ ಆಲೆಮನೆಗೆ ಹೋದೆವು. ದೂರದಿಂದಲೇ ವಾಸನೆ ಕರೆಯುತ್ತಿತ್ತು. ಗಾಣದಿಂದ ಹಾಲು ಬಂದು ದೊಡ್ಡ ಕೊಪ್ಪರಿಗೆಗೆ ಬೀಳುತ್ತದೆ. ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕುತ್ತಾರೆ. ಹಾಲು ಕಾಯುತ್ತಾ ಮೇಲೆ ಕಪ್ಪು ಕೊಳೆ ಬಂದಂತೆ ಉದ್ದ ಹಿಡಿಯ ಜಾಲರಿಯಿಂದ ತೆಗೆಯುತ್ತಲೇ ಇರಬೇಕು. ಕೆಲಸಕ್ಕೆ ಇದ್ದವರಲ್ಲಿ ಇಬ್ಬರು ಉತ್ತರ ಪ್ರದೇಶದ ಹುಡುಗರು. ಅರ್ಧ ಕನ್ನಡ, ಅರ್ಧ ಹಿಂದಿ. ಹದ ನೋಡುವವರು ಮಾತ್ರ ಊರಿನ ಒಬ್ಬ ಹಿರಿಯರು. ಕುದಿಯುವ ಪಾಕದಿಂದ ಒಂದು ಚೂರು ತೆಗೆದು ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿದರು. ಇನ್ನೂ ಇಲ್ಲ ಅಂತ ತಲೆ ಆಡಿಸಿದರು. ಎರಡು ನಿಮಿಷ ಬಿಟ್ಟು ಮತ್ತೆ. ಈ ಸಲ ಗೋಲಿಯಂತೆ ನಿಂತಿತು. ಒಂದೇ ಕೂಗು ಹಾಕಿದರು, ನಾಲ್ಕು ಜನ ಒಟ್ಟಿಗೆ ಕೊಪ್ಪರಿಗೆಗೆ ಕೈಹಾಕಿದರು. ಬಿಸಿ ಬೆಲ್ಲವನ್ನು ಕಬ್ಬಿನ ಸಿಪ್ಪೆಯ ತುದಿಗೆ ಸುತ್ತಿ ನನ್ನ ಕೈಗೆ ಕೊಟ್ಟರು. ಬಾಯಿ ಸುಟ್ಟರೂ ಬಿಡಲಾಗಲಿಲ್ಲ. ಬೆಲೆ ಎಷ್ಟು ಸಿಗುತ್ತದೆ ಅಂತ ಕೇಳಿದಾಗ ಹಿರಿಯರ ಮುಖ ಸಪ್ಪೆಯಾಯಿತು. ಪಾಂಡವಪುರದ ಸಕ್ಕರೆ ಕಾರ್ಖಾನೆ ನಿಂತಿದ್ದ ವರ್ಷಗಳಲ್ಲಿ ಕಬ್ಬು ಬೆಳೆದವರು ಹೇಗೆ ಪರದಾಡಿದರು ಅನ್ನೋದನ್ನು ಅವರು ಹೇಳಿದರು. ರೈತಸಂಘದ ಹಸಿರು ಶಾಲು ಅಲ್ಲೇ ಗೂಟಕ್ಕೆ ನೇತುಹಾಕಿತ್ತು.

ಭಾನುವಾರ ಊರಿನ ಮುಖವೇ ಬದಲಾಯಿತು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಶುರುವಾದ ಮೇಲೆ ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವುದು ಸುಲಭವಾಗಿದೆ. ಹನ್ನೊಂದು ಗಂಟೆ ಹೊತ್ತಿಗೆ ಏರಿ ಹತ್ತಿರ ಕಾರುಗಳ ಸಾಲು. ಸಂಸಾರವಂದಿಗರು ಬುತ್ತಿ ಬಿಚ್ಚಿ ಉಂಡು ಹೋಗುತ್ತಾರೆ, ಅವರನ್ನು ನೋಡಲು ಖುಷಿ. ಆದರೆ ಕೆಲವರು ಕಾರಿನ ಬಾಗಿಲು ತೆಗೆದು ಜೋರಾಗಿ ಹಾಡು ಹಾಕುತ್ತಾರೆ, ಬಾಟಲಿ ಬಂಡೆಗೆ ಹೊಡೆಯುತ್ತಾರೆ. ಈಜಲು ಇಳಿಯಬೇಡಿ ಅಂತ ಊರಿನವರು ಕೂಗಿ ಹೇಳಿದರೂ ಕೇಳುವುದಿಲ್ಲ. ದಡದಿಂದ ನಾಲ್ಕು ಹೆಜ್ಜೆಗೆ ಆಳ ಸಿಗುವ ಕೆರೆ ಇದು. ಇಲ್ಲಿ ಮುಳುಗಿ ಹೋದವರು ಒಬ್ಬಿಬ್ಬರಲ್ಲ. ಸೋಮವಾರ ಬೆಳಿಗ್ಗೆ ಅಜ್ಜಿಯ ಮೊಮ್ಮಗ ಹಸು ಕುಡಿಸಲು ಹೊರಟಾಗ ನಾನೂ ಹೋದೆ. ಅವನು ಮೊದಲು ದಡದ ಉದ್ದಕ್ಕೂ ಬಗ್ಗಿ ಗಾಜು ಆರಿಸಿದ. ಆಮೇಲೆ ಹಸು ಬಿಟ್ಟ. ಹೋದ ವರ್ಷ ಗಾಜು ಹೊಕ್ಕಿದ್ದ ಗೊರಸನ್ನು ಎತ್ತಿ ತೋರಿಸಿದ. ಸೀಳು ಇನ್ನೂ ಕಾಣುತ್ತಿತ್ತು. ನಾನೂ ಒಂದು ಚೀಲ ತೆಗೆದುಕೊಂಡೆ. ಅರ್ಧ ಗಂಟೆಗೆ ಚೀಲ ತುಂಬಿತು.

ಆ ವಾರವೇ ಒಬ್ಬ ದಲ್ಲಾಳಿ ನಮ್ಮನ್ನು ಹುಡುಕಿಕೊಂಡು ಬಂದರು. ಕೆರೆ ಕಾಣುವ ಹಾಗೆ ಸೈಟು, ಗೇಟು, ಕಾಂಪೌಂಡು. ಹೋಗಿ ನೋಡಿದೆವು. ಕಲ್ಲು ನೆಟ್ಟಿದ್ದ ಜಾಗದಲ್ಲಿ ಭತ್ತದ ಕೂಳೆ ಇನ್ನೂ ಇತ್ತು. ಕಾಲುವೆಯ ಕವಲೊಂದನ್ನು ಮಣ್ಣು ಹಾಕಿ ಮುಚ್ಚಿದ್ದರು. ಅದರ ಕೆಳಗಿನ ಗದ್ದೆಗೆ ಇನ್ನು ನೀರು ಹೋಗುವುದು ಹೇಗೆ? ಮಡೆ ಕಟ್ಟಿ ತೋರಿಸಿದವರ ಮುಖ ನನ್ನ ಕಣ್ಣ ಮುಂದೆ ಬಂತು. ಬೇಡ ಅಂತ ಅಲ್ಲೇ ಹೇಳಿ ಬಂದೆವು.

ಸಂಕ್ರಾಂತಿ ದಿನ ಬೆಳಗ್ಗೆಯಿಂದಲೇ ದನಗಳೆಲ್ಲಾ ಕೆರೆಯಲ್ಲಿ. ಮೈ ಉಜ್ಜಿ, ಅರಿಶಿನ ಬಳಿದು, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಅಜ್ಜಿ ತಮ್ಮ ಹಸುವಿನ ಹಣೆಗೆ ಕುಂಕುಮ ಇಟ್ಟು, ಕಿವಿಯಲ್ಲಿ ಏನೋ ಹೇಳಿದರು. ಕೇಳಿದರೆ ನಕ್ಕು ಸುಮ್ಮನಾದರು. ಕತ್ತಲಾಗುತ್ತಿದ್ದಂತೆ ಊರ ಬಾಗಿಲಲ್ಲಿ ಹುಲ್ಲು ಹರಡಿ ಕಿಚ್ಚು ಹಚ್ಚಿದರು. ಮೊದಲ ಜೋಡಿ ಎತ್ತು ಹಿಂಜರಿಯಿತು. ಹಿಡಿದಿದ್ದ ಹುಡುಗ ಕೂಗಿ ಮುಂದೆ ಓಡಿದ, ಎತ್ತೂ ನೆಗೆಯಿತು. ಬೆಂಕಿ, ಹೊಗೆ, ಗೆಜ್ಜೆ, ಶಿಳ್ಳೆ. ಕಣ್ಣು ಉರಿಯುತ್ತಿದ್ದರೂ ಯಾರೂ ಜಾಗ ಬಿಟ್ಟು ಕದಲಲಿಲ್ಲ.

ಮಾರನೇ ದಿನ ಹೊರಡುವ ಮುಂಚೆ ಅಜ್ಜಿ ನಮ್ಮನ್ನು ಹಿಂದಿನ ಬೀದಿಗೆ ಕರೆದುಕೊಂಡು ಹೋದರು. ಅವರ ತಮ್ಮನ ಹೆಂಚಿನ ಮನೆ. ಮಕ್ಕಳು ಮೈಸೂರಿನಲ್ಲಿ, ಮನೆ ಮೂರು ವರ್ಷದಿಂದ ಖಾಲಿ. ಅಲ್ಲಿಂದ ಕೆರೆ ಕಾಣುವುದಿಲ್ಲ. ಹಿತ್ತಿಲಲ್ಲಿ ಒಂದು ನುಗ್ಗೆಮರ, ಒಂದು ಬಾವಿ. ಒಳಗೆ ಹೋಗಿ ತಲೆ ಎತ್ತಿದರೆ ಅಲ್ಲಲ್ಲಿ ಬಿಸಿಲುಕೋಲು ಇಳಿಯುತ್ತಿತ್ತು. ಯುಗಾದಿಯಿಂದ ಬಾಡಿಗೆಗೆ ಅಂತ ಮಾತಾಯಿತು. ನಮ್ಮನೆಯವರು ಏಣಿ ಇಟ್ಟು ಹತ್ತಿದರು. ಅಜ್ಜಿಯ ಮೊಮ್ಮಗ ಕೆಳಗೆ ನಿಂತು ಒಡೆದ ಹೆಂಚು ಎಣಿಸಿದ. ಮೂವತ್ತಾರು. ಮಳೆಗಾಲಕ್ಕೆ ಮುಂಚೆ ಪೂರ್ತಿ ಕೈಯಾಡಿಸಬೇಕು ಅಂದರು ಅಜ್ಜಿ. ಹೆಂಚು ಕೈಯಾಡಿಸುವವರು ಮೇಲುಕೋಟೆ ಹತ್ತಿರದ ಊರಿನಲ್ಲಿ ಒಬ್ಬರೇ ಉಳಿದಿದ್ದಾರಂತೆ. ಅವರ ನಂಬರ್ ಬರೆದುಕೊಂಡು ಬಂದಿದ್ದೇನೆ.