ಇಸವಿಯ ಪಕ್ಕದ ಎಲೆ, ಇಸವಿಯ ಕೆಳಗಿನ ಚುಕ್ಕಿ

ಒಂದೇ ಮುಖಬೆಲೆಯ, ಒಂದೇ ಇಸವಿಯ ಎರಡು ನಾಣ್ಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಭೂತಗನ್ನಡಿಯಲ್ಲಿ ನೋಡುವ ಅಭ್ಯಾಸ ಹಿಡಿದ ಮೇಲೆ, ಹೊಸ ನಾಣ್ಯ ಹುಡುಕುವುದಕ್ಕಿಂತ ಕೈಯಲ್ಲಿರುವುದನ್ನೇ ಮತ್ತೆ ಮತ್ತೆ ಓದುವ ಆಸೆ ನನಗೆ ಹೆಚ್ಚಾಗಿದೆ. ಒಂದು ಚುಕ್ಕಿಯೋ, ಅಕ್ಷರದ ತುದಿಯಲ್ಲೊಂದು ಸೀಳೋ ಸಾಕು, ಸಂಗ್ರಾಹಕರು ಅದನ್ನು ಬೇರೆ ಬಗೆಯೆಂದು ಎಣಿಸುತ್ತಾರೆ. ಆದರೆ ಆ ವ್ಯತ್ಯಾಸ ಹೇಗೆ ಹುಟ್ಟಿತೆಂದು ತಿಳಿಯುವವರೆಗೆ ಆ ನಾಣ್ಯ ನನ್ನದಾಯಿತೆಂದು ನನಗೆ ಅನ್ನಿಸುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದದ್ದು 1947ರ ಇಸವಿಯುಳ್ಳ ಕೆನಡಾದ ನಾಣ್ಯಗಳ ಒಂದು ಬಗೆ. ಆರನೆಯ ಜಾರ್ಜ್ ದೊರೆಯ ಚಿತ್ರದ ಸುತ್ತ ಅದುವರೆಗೆ ‘ಭಾರತದ ಸಾಮ್ರಾಟ’ ಎಂಬ ಅರ್ಥದ ಲ್ಯಾಟಿನ್ ಬಿರುದೂ ಇರುತ್ತಿತ್ತು. ಭಾರತ ಸ್ವತಂತ್ರವಾದ ಮೇಲೆ ಆ ಬಿರುದನ್ನು ತೆಗೆಯಬೇಕಾಯಿತು. ಹೊಸ ಬರಹದ ಅಚ್ಚುಗಳು ಲಂಡನ್ನಿನಿಂದ ಬರುವುದು ತಡವಾಯಿತು. 1948ರಲ್ಲಿ ನಾಣ್ಯಗಳ ಬೇಡಿಕೆ ಕಾಯುವಂತಿರಲಿಲ್ಲವಾದ್ದರಿಂದ ಕೆನಡಾದ ಟಂಕಸಾಲೆ ಹಳೆಯ ಅಚ್ಚುಗಳಿಂದಲೇ 1947ರ ನಾಣ್ಯಗಳನ್ನು ಹೊಡೆದು, ಇವು ಮರುವರ್ಷದವು ಎಂದು ಗುರುತಿಸಲು ಇಸವಿಯ ಪಕ್ಕದಲ್ಲಿ ಪುಟ್ಟದೊಂದು ಮೇಪಲ್ ಎಲೆಯನ್ನು ಸೇರಿಸಿತು. ನಮ್ಮ ದೇಶದ ಸ್ವಾತಂತ್ರ್ಯ ಅಷ್ಟು ದೂರದ ನಾಣ್ಯವೊಂದರಲ್ಲಿ ಎಲೆಯಾಗಿ ಮೂಡಿರುವುದು ಪ್ರತಿ ಸಲವೂ ನನ್ನ ಮನಸ್ಸನ್ನು ಮುಟ್ಟುತ್ತದೆ.

ಎಲ್ಲ ಗುರುತುಗಳೂ ಹೀಗೆ ಬೇಕೆಂದು ಇಟ್ಟವಲ್ಲ. 1937ರಲ್ಲಿ ಅಮೆರಿಕದ ಡೆನ್ವರ್ ಟಂಕಸಾಲೆಯಲ್ಲಿ ಅಚ್ಚೊಂದನ್ನು ಅತಿಯಾಗಿ ಉಜ್ಜಿದ್ದರಿಂದ ಐದು ಸೆಂಟಿನ ನಾಣ್ಯದ ಕಾಡೆಮ್ಮೆ ಮುಂಗಾಲೊಂದನ್ನು ಕಳೆದುಕೊಂಡಿತು. 1955ರ ಒಂದು ಸೆಂಟಿನ ಕಥೆ ಇನ್ನೂ ಸೂಕ್ಷ್ಮವಾದದ್ದು. ಆ ಕಾಲದಲ್ಲಿ ಅಚ್ಚಿನ ಉಕ್ಕಿನ ಮೇಲೆ ಮೂಲ ಚಿತ್ರವನ್ನು ಒಂದಕ್ಕಿಂತ ಹೆಚ್ಚು ಬಾರಿ ಒತ್ತಿ ಮೂಡಿಸುತ್ತಿದ್ದರು, ನಡುವೆ ಉಕ್ಕನ್ನು ಕಾಯಿಸಿ ಮೆದು ಮಾಡುತ್ತಿದ್ದರು. ಎರಡನೆಯ ಒತ್ತಿನಲ್ಲಿ ಅಚ್ಚು ಕೂದಲೆಳೆಯಷ್ಟು ತಿರುಗಿದ್ದರಿಂದ ಇಸವಿಯೂ ಅಕ್ಷರಗಳೂ ಜೋಡಿಯಾಗಿ ಮೂಡಿದವು. ತಪ್ಪು ಅಚ್ಚಿನಲ್ಲೇ ಇದ್ದುದರಿಂದ ಅದರಿಂದ ಬಂದ ನಾಣ್ಯಗಳೆಲ್ಲವೂ ಅದೇ ಜೋಡಿ ಅಕ್ಷರಗಳನ್ನು ಹೊತ್ತವು.

ಇಲ್ಲಿಯೇ ನಾನು ಬಹುಕಾಲ ಎಡವಿದ್ದು. ಜೋಡಿ ಅಕ್ಷರವೆಂದು ಬೇರೆ ಲಕೋಟೆಯಲ್ಲಿ ಎತ್ತಿಟ್ಟ ನನ್ನ ನಾಣ್ಯಗಳಲ್ಲಿ ಹೆಚ್ಚಿನವು, ಹೊಡೆತದ ಕೊನೆಯ ಗಳಿಗೆಯಲ್ಲಿ ಸಡಿಲವಾಗಿದ್ದ ಅಚ್ಚು ಜರುಗಿದ್ದರಿಂದ ಉಂಟಾದ ಬರಿಯ ಒರಸುಗಳು. ನಾಣ್ಯವನ್ನು ಒಂದೇ ದೀಪದ ಕೆಳಗೆ ಮೆಲ್ಲನೆ ಓರೆ ಮಾಡುತ್ತ ಹೋದರೆ ಎರಡರ ಅಂತರ ತಿಳಿಯುತ್ತದೆ: ನಿಜವಾದ ಜೋಡಿಯಲ್ಲಿ ಎರಡನೆಯ ಗೆರೆಗೂ ಉಬ್ಬು ಇದ್ದು, ಅಕ್ಷರದ ಮೂಲೆಗಳಲ್ಲಿ ಸಣ್ಣ ಕಚ್ಚು ಕಾಣುತ್ತದೆ, ಒರಸಿನಲ್ಲಿ ಅಕ್ಷರದ ಅಂಚು ತಗ್ಗಿ, ಚಪ್ಪಟೆ ಮೆಟ್ಟಿಲಿನಂತೆ ಹೊಳೆಯುತ್ತದೆ, ಅಕ್ಷರ ಮಾತ್ರ ಸಣಕಲಾಗಿರುತ್ತದೆ. ಈ ಪರೀಕ್ಷೆಯ ನಂತರ ಆ ಲಕೋಟೆ ಬಹುಮಟ್ಟಿಗೆ ಖಾಲಿಯಾಯಿತು. ಬೇಸರವಾಯಿತಾದರೂ, ಉಳಿದ ನಾಣ್ಯಗಳ ಮೇಲಿನ ನಂಬಿಕೆ ಗಟ್ಟಿಯಾಯಿತು.

ಈಗ ನಾನು ಕೂತಿರುವುದು ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿಗಳ ಮುಂದೆ. ಆ ಇಸವಿಯನ್ನು ಬದಲಿಸದೆ 1874ರವರೆಗೂ ರೂಪಾಯಿಗಳನ್ನು ಹೊಡೆಯುತ್ತ ಹೋದದ್ದರಿಂದ, ಬೊಂಬಾಯಿಯ ನಾಣ್ಯಗಳಲ್ಲಿ ಕಾಣುವ ಚುಕ್ಕಿಗಳನ್ನೇ ಸಂಗ್ರಾಹಕರು ವರ್ಷದ ಲೆಕ್ಕವಾಗಿ ಓದುತ್ತಾರೆ. ಚುಕ್ಕಿಯೋ, ಸವೆತದಲ್ಲಿ ಉಳಿದ ಬೆಳ್ಳಿಯ ಕಣವೋ ಎಂದು ತೀರ್ಮಾನಿಸಲು ಕೆಲವೊಮ್ಮೆ ಒಂದು ಸಂಜೆಯೇ ಹಿಡಿಯುತ್ತದೆ. ಅಂಥ ನಾಣ್ಯವನ್ನು ಉಜ್ಜಿ ತೊಳೆಯುವ ಕೆಲಸಕ್ಕೆ ಮಾತ್ರ ನಾನು ಕೈಹಾಕುವುದಿಲ್ಲ, ಏಕೆಂದರೆ ಉಜ್ಜಿದರೆ ಮೊದಲು ಅಳಿಯುವುದು ಆ ಚುಕ್ಕಿಯೇ. ಮೇಜಿನ ಮೇಲಿರುವ ಒಂದರಲ್ಲಿ ಇಸವಿಯ ಕೆಳಗೆ ಎರಡು ಚುಕ್ಕಿಗಳು ಸ್ಪಷ್ಟವಾಗಿವೆ. ಮೂರನೆಯದು ಇದೆಯೆಂದು ನಿನ್ನೆ ಅನ್ನಿಸಿತ್ತು. ಇಂದು ದೀಪವನ್ನು ಎಡಕ್ಕೆ ಸರಿಸಿ ನೋಡಿದೆ. ಅದು ಬರಿಯ ಗೀರು. ಲಕೋಟೆಯ ಮೇಲೆ ‘ಎರಡು ಚುಕ್ಕಿ’ ಎಂದು ಬರೆದಿಟ್ಟಿದ್ದೇನೆ.