ಗಾಯ ಹೊಲಿದಾಯ್ತಲ್ಲ, ಇನ್ನು ನೀರು ಕೊಡಬಹುದಲ್ವಾ?

ದಾವಣಗೆರೆಯಲ್ಲಿ ಸರ್ಜರಿ ವಾರ್ಡಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಜನ ಕೇಳುವುದು ಇದನ್ನೇ. "ಸಾರ್, ಕುತ್ತಿಗೆ ಗಾಯ ಹೊಲಿದಾಯ್ತಲ್ಲ, ಹುಡುಗ ನೀರು ನೀರು ಅಂತಿದಾನೆ, ಒಂದು ಗುಟುಕು ಹಾಕ್ಲಾ?" ಬೇಡ ಅಂದರೆ ಮುಖ ಸಣ್ಣಗಾಗುತ್ತದೆ. ನನಗೂ ಸಂಕಟವೇ. ಆದರೂ ಬೇಡ.

ಹೈವೇಯಲ್ಲಿ ಬೈಕಿಂದ ಬಿದ್ದಿರಲಿ, ಹೊಲದ ತಂತಿ ಬೇಲಿ ಕುತ್ತಿಗೆಗೆ ಸಿಕ್ಕಿರಲಿ, ಒಕ್ಕಣೆ ಮಷಿನ್‌ಗೆ ಟವೆಲ್ ಸುತ್ತಿಕೊಂಡಿರಲಿ, ನಾವು ಮೊದಲು ನೋಡುವುದು ಉಸಿರು. ಶ್ವಾಸನಾಳ ಹರಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಗಾಯದಿಂದ ಗಾಳಿ ಬುಸುಗುಡುತ್ತದೆ, ದನಿ ಒಡೆಯುತ್ತದೆ, ಕೆಮ್ಮಿದರೆ ರಕ್ತ. ಚರ್ಮದ ಕೆಳಗೆ ಗಾಳಿ ನುಗ್ಗಿದ್ದರೆ, ಬೆರಳಲ್ಲಿ ಒತ್ತಿದಾಗ ನಮ್ಮೂರ ಮಂಡಕ್ಕಿ ಒತ್ತಿದ ಹಾಗೆ ಚರಚರ ಅನ್ನುತ್ತದೆ. ಕೆಲವೊಮ್ಮೆ ಆ ಸೀಳಿನೊಳಗಿಂದಲೇ ಟ್ಯೂಬ್ ಇಳಿಸಿ ಉಸಿರು ಉಳಿಸಬೇಕಾಗುತ್ತದೆ.

ಅನ್ನನಾಳ ಹಾಗಲ್ಲ. ಅದು ಶ್ವಾಸನಾಳದ ಹಿಂದೆ ಅಂಟಿಕೊಂಡ ಹಾಗೆ ಇರುತ್ತದೆ, ತೂತಾದರೂ ಮೊದಮೊದಲು ನುಂಗುವಾಗ ಸ್ವಲ್ಪ ನೋವು ಅಷ್ಟೇ, ಕೆಲವರಿಗೆ ಅದೂ ಇಲ್ಲ. ಆದರೆ ಎಂಜಲು, ನೀರು ಅಲ್ಲಿಂದ ಸೋರಿ ಎದೆಗೂಡಿಗೆ ಇಳಿದರೆ ಕೀವಾಗಿ ಪ್ರಾಣಕ್ಕೇ ಬರುತ್ತದೆ. 24 ಗಂಟೆಯೊಳಗೆ ಹಿಡಿದು ಹೊಲಿಯುವುದಕ್ಕೂ ಆಮೇಲೆ ಹೊಲಿಯುವುದಕ್ಕೂ ತುಂಬಾ ವ್ಯತ್ಯಾಸ. ಅದಕ್ಕೇ ಅನುಮಾನ ಬಂದರೆ ಸ್ಕ್ಯಾನ್ ಜೊತೆ, ಕ್ಯಾಮೆರಾ ಪೈಪ್ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿಯೂ ಬೇಕು ಅನ್ನುತ್ತೇವೆ, ಸುಮ್ನೆ ಬಿಲ್ ಏರಿಸಲು ಅಲ್ಲ.

ಆಪರೇಷನ್‌ನಲ್ಲಿ ಸತ್ತ ಅಂಚು ತೆಗೆದು, ಒಳಪದರ ಮತ್ತು ಸ್ನಾಯು ಎರಡನ್ನೂ ಹೊಲಿಯುತ್ತೇವೆ. ಕರುಳಿಗಿರುವ ಹೊರಪೊರೆ ಅನ್ನನಾಳಕ್ಕಿಲ್ಲ, ಹಾಗಾಗಿ ಹೊಲಿಗೆ ಬಿಟ್ಟುಕೊಳ್ಳುವ ಭಯ ಜಾಸ್ತಿ. ಎರಡೂ ನಾಳ ಹರಿದಿದ್ದರೆ ಕುತ್ತಿಗೆಯದೇ ಒಂದು ಸ್ನಾಯುವನ್ನು ತಿರುಗಿಸಿ ತಂದು ಮಧ್ಯೆ ಇಡಬೇಕು. ಇಲ್ಲದಿದ್ದರೆ ಎರಡು ಹೊಲಿಗೆ ಒಂದಕ್ಕೊಂದು ತಾಗಿ, ನಡುವೆ ದಾರಿಯಾಗಿ, ಕುಡಿದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಎಷ್ಟೇ ಹೊತ್ತಾಗಲಿ, ಈ ಕೆಲಸವನ್ನು ನಾನು ಬಿಡುವುದಿಲ್ಲ.

ಆಮೇಲೆ ಮೂಗಿನ ಪೈಪಿನಲ್ಲೇ ಊಟ. ಹೆಚ್ಚುಕಡಿಮೆ ಒಂದು ವಾರಕ್ಕೆ, ಎಕ್ಸ್‌ರೇಯಲ್ಲಿ ಕಾಣುವ ಔಷಧಿ ಕುಡಿಸಿ ನೋಡುತ್ತೇವೆ. ಸೋರುತ್ತಿಲ್ಲ ಅಂತ ಖಾತ್ರಿಯಾದರೆ ನೀರು, ಗಂಜಿ. ಅಲ್ಲಿವರೆಗೆ ಒದ್ದೆ ಹತ್ತಿಯಲ್ಲಿ ತುಟಿ ಒರೆಸಿ, ಅಷ್ಟೇ. ದಿಂಬಿನ ಹತ್ತಿರ ಎಳನೀರು ಮಾತ್ರ ಇಡಬೇಡಿ, ರಾತ್ರಿ ಅವನೇ ಎತ್ತಿ ಕುಡಿದುಬಿಡುತ್ತಾನೆ.

ಇನ್ನು ಗಂಟಲಿನ ಟ್ಯೂಬ್ ನೋಡಿ ಮಾತೇ ಹೋಯ್ತು ಅಂತ ಅಳಬೇಡಿ. ಅದನ್ನು ತೆಗೆದ ಮೇಲೆ ಹೆಚ್ಚಿನವರಿಗೆ ದನಿ ಬರುತ್ತದೆ, ದನಿಯ ಪೆಟ್ಟಿಗೆಗೋ ಅದರ ನರಕ್ಕೋ ಪೆಟ್ಟಾಗಿದ್ದರೆ ಗೊಗ್ಗರು ಉಳಿಯಬಹುದು. ಸದ್ಯಕ್ಕೆ ಅವನ ಕೈಗೆ ಮೊಬೈಲ್ ಕೊಡಿ, ಬೇಕಾದ್ದನ್ನು ಬರೆದು ತೋರಿಸಲಿ.